ಬಿಲ್ ಹೊಂದಿಸೋದೂ ಫೈನಾನ್ಸ್ ಕೆಲಸವೇನಾ?

ಪ್ರಶ್ನೆ: ನಾನು ಎಂ.ಕಾಂ. ಓದುತ್ತಿದ್ದೇನೆ. ಬೆಳಗಾವಿಯ ಒಂದು ದೊಡ್ಡ ರಿಟೇಲ್ ಮಳಿಗೆಯ ಅಕೌಂಟ್ಸ್ ವಿಭಾಗದಲ್ಲಿ ಎಂಟು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ಮೂರು ವಾರ ಮುಗಿಯಿತು. ಬೆಳಿಗ್ಗೆಯಿಂದ ಸಂಜೆವರೆಗೆ ಸಪ್ಲೈಯರ್‌ಗಳ ಬಿಲ್ ಹೊಂದಿಸುವುದೇ ಕೆಲಸ. ಗೆಳತಿಯರು ಬ್ಯಾಂಕಿನಲ್ಲಿ, ಷೇರು ಬ್ರೋಕರ್ ಆಫೀಸಿನಲ್ಲಿ ಇದ್ದಾರೆ. ಅವರ ಮಾತು ಕೇಳಿದರೆ ನಾನು ಸುಮ್ನೆ ಕಾಲ ಕಳೆಯುತ್ತಿದ್ದೇನೆ ಅನಿಸುತ್ತದೆ. ಬಿಟ್ಟುಬಿಡಲೇ? ಉಳಿದರೆ ರಿಪೋರ್ಟಿನಲ್ಲಿ ಏನು ಬರೆಯಲಿ?
– ವಿದ್ಯಾರ್ಥಿನಿ, ಗೋಕಾಕ

ಉತ್ತರ: ಬಿಡಬೇಡಿ ತಂಗಿ. ನಾನೂ ಬೆಳಗಾವಿಯಲ್ಲೇ ಇಂಥದ್ದೇ ಒಂದು ದೊಡ್ಡ ಮಳಿಗೆಯಲ್ಲಿ ಇಂಟರ್ನ್ ಆಗಿದ್ದೆ. ಟಿಳಕವಾಡಿಯಲ್ಲಿ ರೂಮು. ಮೊದಲ ದಿನವೇ ನನ್ನ ಮೇಜಿನ ಮೇಲೆ ಮೂರು ಕಟ್ಟು ಕಾಗದ ಬಂತು. ಒಂದು ಮಳಿಗೆ ಕೊಟ್ಟ ಪರ್ಚೇಸ್ ಆರ್ಡರ್. ಇನ್ನೊಂದು ಜಿ.ಆರ್.ಎನ್., ಅಂದರೆ ಮಾಲು ಇಳಿಸಿಕೊಂಡವರು ಎಣಿಸಿ ಬರೆದ ಚೀಟಿ. ಮೂರನೆಯದು ಸಪ್ಲೈಯರ್ ಬಿಲ್. ಮೂರರಲ್ಲೂ ನಗ, ದರ ಒಂದೇ ಇದ್ದರೆ ಪೇಮೆಂಟಿಗೆ ಕಳಿಸು, ಇಲ್ಲದಿದ್ದರೆ ಪಕ್ಕಕ್ಕಿಡು ಅಂದರು. ಅಷ್ಟೇ ಪಾಠ. ನಿಮಗೂ ಹೀಗೇ ಹೇಳಿರುತ್ತಾರೆ, ಅಲ್ವಾ?

ನಾನು ಪಕ್ಕಕ್ಕಿಡುವುದರಲ್ಲಿ ಬಹಳ ಚುರುಕಾಗಿದ್ದೆ. ಶಹಾಪುರದ ಕಡೆಯಿಂದ ಒಬ್ಬರು ಕಟಕ್ ರೊಟ್ಟಿ ಪ್ಯಾಕೆಟ್ ತಂದು ಹಾಕುತ್ತಿದ್ದರು. ಮನೆಯವರೆಲ್ಲ ಸೇರಿ ಮಾಡುವ ಸಣ್ಣ ಉದ್ಯೋಗ. ಆರ್ಡರ್ 300 ಪ್ಯಾಕೆಟ್, ಬಿಲ್ಲೂ 300. ಜಿ.ಆರ್.ಎನ್.ನಲ್ಲಿ ಮಾತ್ರ 288. ಹೊಂದಲಿಲ್ಲ, ಪಕ್ಕಕ್ಕಿಟ್ಟೆ. ಒಂದು ತಿಂಗಳು ದಾಟಿದರೂ ಅದು ಅಲ್ಲೇ ಇತ್ತು. ಅವರು ಎರಡು ಸಲ ಬಂದು ಕೇಳಿದರು, 'ಪ್ರೊಸೆಸ್‌ನಲ್ಲಿದೆ' ಅಂದೆ. ಮೂರನೇ ಸಲ ಬಂದಾಗ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: 'ಮೇಡಂ, ನಮ್ಮ ಬಿಲ್ ಏನಾತ್ರಿ? ಜ್ವಾಳ ತರಾಕ ರೊಕ್ಕ ಇಲ್ರಿ.'

ಅವತ್ತು ಮೊದಲ ಸಲ ಎದ್ದು ಹಿಂಬಾಗಿಲಿಗೆ, ಮಾಲು ಇಳಿಸುವ ಜಾಗಕ್ಕೆ ಹೋದೆ. ಅಲ್ಲಿದ್ದ ಹುಡುಗ ರಿಜಿಸ್ಟರ್ ತಿರುವಿ ತೋರಿಸಿದ. ಇಳಿಸುವಾಗ 12 ಪ್ಯಾಕೆಟ್ ಪುಡಿಯಾಗಿದ್ದವು, ಅವನ್ನು ವಾಪಸ್ ಕಳಿಸಿದ್ದರು. ಪ್ಯಾಕೆಟ್ಟಿಗೆ 60 ರೂಪಾಯಿ. 720 ರೂಪಾಯಿಗೆ ಒಂದು ಡೆಬಿಟ್ ನೋಟ್, ಅಂದರೆ ಬಿಲ್ಲಿನಿಂದ ಅಷ್ಟು ಕಳೆಯುವ ಚೀಟಿ, ಹಾಕಿದ್ದರೆ ಉಳಿದ 17,280 ರೂಪಾಯಿ ಎಂದೋ ಅವರ ಖಾತೆಗೆ ಹೋಗುತ್ತಿತ್ತು. ಡೆಬಿಟ್ ನೋಟ್ ಏನೆಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಇಲ್ಲಿ ಅದನ್ನು ಹಾಕಬೇಕು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಸಂಜೆ ಆ ಪಕ್ಕದ ಕಟ್ಟನ್ನು ಪೂರ್ತಿ ಬಿಚ್ಚಿ ಕೂತೆ. ನಿಜವಾದ ಇಂಟರ್ನ್‌ಶಿಪ್ ಶುರುವಾಗಿದ್ದು ಆಗ. ಒಂದರಲ್ಲಿ ಹಳೇ ದರ, ಒಂದರಲ್ಲಿ ಎಚ್.ಎಸ್.ಎನ್. ಕೋಡ್ (ಜಿ.ಎಸ್.ಟಿ.ಗೆ ಸರಕಿನ ಬಗೆ ಗುರುತಿಸುವ ಸಂಖ್ಯೆ) ತಪ್ಪು, ಇನ್ನೊಂದರಲ್ಲಿ ಸ್ಕೀಮಿನ ಉಚಿತ ಪೀಸನ್ನೂ ಎಣಿಸಿಬಿಟ್ಟಿದ್ದರು. ಕಾರಣ ಬೇರೆ ಬೇರೆ, ಆದರೆ ಎಲ್ಲದರ ಮೇಲೂ 'ಮಿಸ್‌ಮ್ಯಾಚ್' ಎಂದು ಒಂದೇ ಸೀಲು.

ನಿಮ್ಮ ರಿಪೋರ್ಟ್ ಇಲ್ಲೇ ಇದೆ. ಕಂಪನಿಯ ಇತಿಹಾಸವನ್ನು ವೆಬ್‌ಸೈಟಿನಿಂದ ಇಳಿಸಿ ಇಪ್ಪತ್ತು ಪುಟ ತುಂಬಿಸಬೇಡಿ. ನಿಂತುಹೋದ ಬಿಲ್‌ಗಳನ್ನು ಎಕ್ಸೆಲ್‌ನಲ್ಲಿ ಹಾಕಿ. ಎಷ್ಟು ದಿನದಿಂದ ನಿಂತಿವೆ: 15ರೊಳಗೆ, 30ರೊಳಗೆ, 45ರೊಳಗೆ, ಅದಕ್ಕೂ ಜಾಸ್ತಿ. ಪಕ್ಕದ ಕಾಲಂನಲ್ಲಿ ಕಾರಣ. ಒಂದು ಪಿವಟ್ ಟೇಬಲ್ ಮಾಡಿದರೆ ಯಾವ ಕಾರಣಕ್ಕೆ ಎಷ್ಟು ಹಣ ಸಿಕ್ಕಿಕೊಂಡಿದೆ ಅಂತ ಕಾಣುತ್ತದೆ. ಮ್ಯಾನೇಜರ್ ಒಪ್ಪಿಗೆ ಕೇಳಿ, ಸಪ್ಲೈಯರ್ ಹೆಸರು ಮಾತ್ರ ಬರೆಯಬೇಡಿ. ಎ, ಬಿ, ಸಿ ಎಂದರೆ ಸಾಕು.

45 ಎಂದು ಸುಮ್ನೆ ಹೇಳಲಿಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ ಪ್ರಕಾರ ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ, ಬರಹದಲ್ಲಿ ಒಪ್ಪಂದ ಏನೇ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. 2023-24ರ ಲೆಕ್ಕದಿಂದ ಆದಾಯ ತೆರಿಗೆಯೂ ಇದಕ್ಕೆ ಸೇರಿಕೊಂಡಿದೆ. ಗಡುವು ಮೀರಿದರೆ ಆ ಖರ್ಚನ್ನು ಹಣ ಕೊಟ್ಟ ವರ್ಷವೇ ತೋರಿಸಬೇಕು. ಅಂದರೆ ರೊಟ್ಟಿಯವರ ಬಿಲ್ ಮಾರ್ಚ್ ದಾಟಿ ನಿಂತರೆ ಆ ವರ್ಷದ ತೆರಿಗೆ ಜಾಸ್ತಿಯಾಗಿ ಮಳಿಗೆಗೂ ನಷ್ಟ. ಇದನ್ನು ಅಂಕಿ ಸಮೇತ ಬರೆದರೆ ಗೈಡ್ ಖಂಡಿತ ಕೂತು ಓದುತ್ತಾರೆ.

ಜಿ.ಎಸ್.ಟಿ. ಕೆಲಸವನ್ನೂ ಕೇಳಿ ಪಡೆಯಿರಿ. ಸಪ್ಲೈಯರ್ ಪ್ರತಿ ತಿಂಗಳು ರಿಟರ್ನ್ ಹಾಕುವವರಾದರೆ ಮುಂದಿನ ತಿಂಗಳ 11ರೊಳಗೆ ತಮ್ಮ ಮಾರಾಟ ತೋರಿಸಬೇಕು. 14ಕ್ಕೆ ಮಳಿಗೆಯ ಜಿ.ಎಸ್.ಟಿ.ಆರ್-2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ, ತಯಾರಾಗುತ್ತದೆ. ಅದರಲ್ಲಿ ಬಿಲ್ ಇಲ್ಲದಿದ್ದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ಮಳಿಗೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ. 20ಕ್ಕೆ ಮಳಿಗೆಯ 3ಬಿ, ಅಂದರೆ ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್. 14ರಿಂದ 20ರವರೆಗೆ ಅಕೌಂಟ್ಸ್‌ನವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಆ ವಾರ ರಜೆ ಹಾಕಬೇಡಿ. 2025ರ ಸೆಪ್ಟೆಂಬರ್ 22ರಂದು ಸಾಬೂನು, ಶಾಂಪೂ, ಟೂತ್‌ಪೇಸ್ಟ್ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತಲ್ಲ, ಆಗ ಕಪಾಟಿನಲ್ಲಿದ್ದ ಹಳೇ ಸ್ಟಾಕನ್ನು ಏನು ಮಾಡಿದಿರಿ ಅಂತ ಹಿರಿಯರನ್ನು ಕೇಳಿ. ಒಂದು ಮಧ್ಯಾಹ್ನ ಪೂರ್ತಿ ಹೇಳುತ್ತಾರೆ.

ಗೆಳತಿಯರ ಕೆಲಸವೂ ಒಳ್ಳೆಯದೇ, ಹೋಲಿಸುತ್ತಾ ಕೂರಬೇಡಿ. ಆದರೆ ಪರದೆ ಮೇಲಿನ ಅಂಕಿ ಸರಿಯಿದೆಯಾ ಎಂದು ಎದ್ದು ಹೋಗಿ ಕೈಯಿಂದ ಎಣಿಸಿ ನೋಡುವ ಅವಕಾಶ ನಿಮಗಿದೆ. ಅದು ಅವರಿಗಿಲ್ಲ.

ಸೋಮವಾರ ಮ್ಯಾನೇಜರ್ ಹತ್ತಿರ ಒಂದೇ ಮಾತು ಕೇಳಿ: ಒಂದು ದಿನ ಬೆಳಿಗ್ಗೆ ಹಿಂಬಾಗಿಲಲ್ಲಿ ಕೂರಲು ಬಿಡಿ ಅಂತ. ಹಾಲು, ಬ್ರೆಡ್, ತರಕಾರಿ ಗಾಡಿಗಳು ಬೇಗ ಬರುತ್ತವೆ, ಅಷ್ಟೊತ್ತಿಗೇ ಹೋಗಿ. ನಾಲ್ಕು ಚೀಟಿ ನೀವೇ ಬರೆಯಿರಿ. ಎಂಟು ವಾರ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ನಿಮ್ಮ ಪಕ್ಕದ ಕಟ್ಟಿನಲ್ಲಿ ಎಷ್ಟು ಬಿಲ್ ಇದ್ದವು, ಎಷ್ಟಕ್ಕೆ ಹಣ ಹೋಯಿತು ಎಂದು ಬರೆಯಿರಿ.