ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಯಾವ ಕೋರ್ಸ್ ತಗೊಳ್ಳೋದು, ಯಾವುದು ಬಿಡೋದು?

ಪ್ರಶ್ನೆ: ನಾನು ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಕಾಲೇಜಿನ ವಿನಿಮಯ ಒಪ್ಪಂದದಡಿ ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಲು ಆಯ್ಕೆಯಾಗಿದ್ದೇನೆ. ಕೋರ್ಸ್‌ಗಳ ಪಟ್ಟಿ ಕಳಿಸಿ ಎಂದು ಅಲ್ಲಿಂದ ಮೇಲ್ ಬಂದಿದೆ. ಅವರ ಪಟ್ಟಿಯಲ್ಲಿ ನೂರಾರು ಕೋರ್ಸ್‌ಗಳಿವೆ. ಹೆಸರು ನೋಡಿ ಏಳು ಆರಿಸಿದ್ದೇನೆ. ಒಟ್ಟು 42 ಇಸಿಟಿಎಸ್ (ಯುರೋಪಿನ ಕ್ರೆಡಿಟ್) ಆಗುತ್ತದೆ. ಸೀನಿಯರ್ ಒಬ್ಬರು ಇದು ಜಾಸ್ತಿಯಾಯಿತು ಅಂದರು. ಎಷ್ಟು ತಗೊಂಡರೆ ಸರಿ? ಇಲ್ಲಿ ಏಳನೇ ಸೆಮಿಸ್ಟರ್‌ನ ಕ್ರೆಡಿಟ್ ಸಿಗದೇ ಹೋದರೆ ಎಂಬ ಭಯವೂ ಇದೆ.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ನಿಜ, 42 ತುಂಬಾ ಜಾಸ್ತಿ. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ 60 ಇಸಿಟಿಎಸ್, ಸೆಮಿಸ್ಟರ್‌ಗೆ 30. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆಯ ಕೆಲಸ. ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಎಂದೇ ಹಿಡಿಯುತ್ತಾರೆ. ಕ್ಲಾಸಿನಲ್ಲಿ ಕೂರುವುದು ಮಾತ್ರವಲ್ಲ, ರೂಮಿನಲ್ಲಿ ಓದುವುದು, ಅಸೈನ್‌ಮೆಂಟ್, ಪರೀಕ್ಷೆಯ ತಯಾರಿ ಎಲ್ಲವೂ ಇದರಲ್ಲಿ ಸೇರಿದೆ. ನಿಮ್ಮ 42ಕ್ಕೆ 1,260 ಗಂಟೆ ಬೇಕು. ಅಕ್ಟೋಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಸಿಗುವುದು ಸುಮಾರು 21 ವಾರ. ಭಾಗಿಸಿ ನೋಡಿ, ವಾರಕ್ಕೆ 60 ಗಂಟೆ ಬರುತ್ತದೆ. ಅಡುಗೆ, ಬಟ್ಟೆ, ಕಚೇರಿಗಳ ಓಡಾಟ ಎಲ್ಲ ಬೇರೆ. ಹೊಸ ದೇಶ, ಮೊದಲ ಚಳಿಗಾಲ. ಅಷ್ಟು ಹೊರೆ ಹೊತ್ತರೆ ಒಂದು ವಿಷಯವೂ ನೆಟ್ಟಗೆ ತಲೆಗೆ ಹತ್ತುವುದಿಲ್ಲ.

ನಾನು ಹೇಳುವುದು 20ರಿಂದ 24. ಅಂದರೆ ನಾಲ್ಕು ಕೋರ್ಸ್. ಆದರೆ ಈ ಸಂಖ್ಯೆಯನ್ನು ಕೊನೆಗೆ ತೀರ್ಮಾನಿಸುವುದು ಜರ್ಮನಿಯಲ್ಲ, ನಿಮ್ಮ ಕಾಲೇಜು. ಹಾಗಾಗಿ ಅವರ ಪಟ್ಟಿಯನ್ನು ಈಗ ಪಕ್ಕಕ್ಕಿಡಿ. ನಿಮ್ಮ ಏಳನೇ ಸೆಮಿಸ್ಟರ್‌ನ ಸ್ಕೀಮ್ ಪ್ರಿಂಟ್ ಮಾಡಿಕೊಂಡು ಪೆನ್ ಹಿಡಿದು ಕೂರಿ. ಎಲೆಕ್ಟಿವ್‌ಗಳಿಗೆ ಒಂದು ಗುರುತು ಹಾಕಿ. ಇವುಗಳ ಬದಲಿಗೆ ಅಲ್ಲಿನ ಕೋರ್ಸ್ ಒಪ್ಪಿಸಿಕೊಳ್ಳುವುದು ಸುಲಭ. ಕೋರ್ ವಿಷಯಗಳಿಗೆ ಇನ್ನೊಂದು ಗುರುತು. ಇವಕ್ಕೆ ಸಿಲಬಸ್ ಹೊಂದಬೇಕು, ವಿಭಾಗದ ಮುಖ್ಯಸ್ಥರು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಪ್ರಾಜೆಕ್ಟ್ ಇದ್ದರೆ ಅದಕ್ಕೆ ಅಲ್ಲೊಬ್ಬರು ಮಾರ್ಗದರ್ಶಕರು ಸಿಗಬೇಕು, ಇಲ್ಲಿನ ಗೈಡ್ ಒಪ್ಪಬೇಕು. ಇದೊಂದು ಚಿತ್ರ ಕೈಗೆ ಬಂದರೆ ಅವರ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಕ್ರೆಡಿಟ್ ಪರಿವರ್ತನೆಗೆ ಒಂದು ಅಂದಾಜು ಹೀಗೆ: ನಮ್ಮ ಬಿಇ ಎಂಟು ಸೆಮಿಸ್ಟರ್‌ಗೆ ಸುಮಾರು 160 ಕ್ರೆಡಿಟ್, ಯುರೋಪಿನಲ್ಲಿ ಎಂಟು ಸೆಮಿಸ್ಟರ್‌ಗೆ 240. ಹಾಗಾಗಿ ನಮ್ಮ ಒಂದು ಕ್ರೆಡಿಟ್‌ಗೆ ಅಲ್ಲಿನ ಒಂದೂವರೆ. ಆದರೆ ಎಲ್ಲ ಕಾಲೇಜುಗಳೂ ಇದೇ ಲೆಕ್ಕ ಹಿಡಿಯುವುದಿಲ್ಲ. ನಿಮ್ಮಲ್ಲಿ ಯಾವ ಲೆಕ್ಕ ಎಂದು ಕೇಳಿಕೊಳ್ಳಿ. ಈ ಲೆಕ್ಕದಲ್ಲಿ 24 ಇಸಿಟಿಎಸ್ ಇಲ್ಲಿನ 16 ಕ್ರೆಡಿಟ್‌ಗೆ ಸಮ. ಉಳಿದದ್ದನ್ನು ಸ್ವಯಂ ಅಥವಾ ಎನ್‌ಪಿಟಿಇಎಲ್‌ನ ಆನ್‌ಲೈನ್ ಕೋರ್ಸ್‌ನಿಂದ ತುಂಬಲು ಬಿಡುತ್ತಾರಾ? ಅಲ್ಲಿನ ಗ್ರೇಡ್ ನಿಮ್ಮ ಸಿಜಿಪಿಎಗೆ ಸೇರುತ್ತದಾ, ಇಲ್ಲ ಸುಮ್ನೆ ಪಾಸ್ ಅಂತ ಬರೆಯುತ್ತಾರಾ? ಒಂದು ವಿಷಯ ಅಲ್ಲಿ ಫೇಲಾದರೆ ಇಲ್ಲಿ ಯಾವಾಗ ಬರೆಯಬೇಕು? ಇವೆಲ್ಲಕ್ಕೂ ಬಾಯಿಮಾತಿನ ಉತ್ತರ ಸಾಲದು. ಮುಂದಿನ ವರ್ಷ ಮುಖ್ಯಸ್ಥರೇ ಬದಲಾಗಿರಬಹುದು. ಸಹಿ, ಸೀಲು ಇರುವ ಕಾಗದ ಕೈಯಲ್ಲಿರಲಿ. ಲರ್ನಿಂಗ್ ಅಗ್ರಿಮೆಂಟ್ ಎಂಬ ಫಾರಂ ಇರುವುದೇ ಇದಕ್ಕೆ. ನೀವು, ನಿಮ್ಮ ಕಾಲೇಜು, ಅಲ್ಲಿನ ವಿಶ್ವವಿದ್ಯಾಲಯ ಮೂವರೂ ಅದಕ್ಕೆ ಸಹಿ ಹಾಕುತ್ತೀರಿ.

ಈಗ ಅವರ ಪಟ್ಟಿಗೆ ಬನ್ನಿ. ಹೆಸರು ನೋಡಿ ಆರಿಸಿದ್ದೇನೆ ಅಂದಿರಲ್ಲ, ಅದೊಂದನ್ನು ದಯವಿಟ್ಟು ಬಿಡಿ. ಪ್ರತಿ ವಿಭಾಗಕ್ಕೂ ಮಾಡ್ಯೂಲ್ ಹ್ಯಾಂಡ್‌ಬುಕ್ ಅಂತ ಒಂದು ಪಿಡಿಎಫ್ ಅಥವಾ ಆನ್‌ಲೈನ್ ಪಟ್ಟಿ ಇರುತ್ತದೆ. ಒಂದೊಂದು ಕೋರ್ಸ್‌ಗೂ ಒಂದೆರಡು ಪುಟ. ಆ ಪುಟವನ್ನು ಹೇಗೆ ಓದಬೇಕು ಅಂತ ಹೇಳುತ್ತೇನೆ. 'ಫೋರ್ಲೇಸುಂಗ್ 3, ಯೂಬುಂಗ್ 2' ಎಂದಿದ್ದರೆ ವಾರಕ್ಕೆ 45 ನಿಮಿಷದ ಮೂರು ಅವಧಿ ಲೆಕ್ಚರ್, ಎರಡು ಅವಧಿ ಲೆಕ್ಕ ಬಿಡಿಸುವ ಕ್ಲಾಸ್. ಯೂಬುಂಗ್ ಇರುವ ಕೋರ್ಸ್ ನಮ್ಮ ಹುಡುಗ ಹುಡುಗಿಯರಿಗೆ ಒಳ್ಳೆಯದು. ಪರೀಕ್ಷೆಯಲ್ಲಿ ಎಂಥ ಪ್ರಶ್ನೆ ಬರುತ್ತದೆ ಅನ್ನುವುದರ ಅಂದಾಜು ಸಿಗುವುದು ಅಲ್ಲೇ. 'ಟುರ್ನುಸ್' ಎಂಬ ಸಾಲು ತಪ್ಪದೆ ನೋಡಿ. ಕೋರ್ಸ್ ಚಳಿಗಾಲದ ಸೆಮಿಸ್ಟರ್‌ನಲ್ಲಿ ನಡೆಯುತ್ತದೋ ಬೇಸಿಗೆಯದರಲ್ಲೋ ಎಂದು ಅಲ್ಲಿರುತ್ತದೆ. ಅಕ್ಟೋಬರ್‌ಗೆ ಹೋಗುವ ನಿಮಗೆ ಬೇಸಿಗೆಯ ಕೋರ್ಸ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಪಾಠದ ಭಾಷೆಯ ಸಾಲೂ ಹಾಗೆಯೇ. ಪುಟದ ವಿವರ ಇಂಗ್ಲಿಷ್‌ನಲ್ಲಿದೆ ಅಂದ ಮಾತ್ರಕ್ಕೆ ಪಾಠ ಇಂಗ್ಲಿಷ್‌ನಲ್ಲಿ ಇರುತ್ತದೆ ಅಂತಲ್ಲ. ಬ್ಯಾಚುಲರ್ ಹಂತದ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ, ಇಂಗ್ಲಿಷ್ ಕೋರ್ಸ್‌ಗಳು ಮಾಸ್ಟರ್ಸ್ ಹಂತದಲ್ಲಿ ಜಾಸ್ತಿ. ಬ್ಯಾಚುಲರ್ ಓದುವ ವಿನಿಮಯ ವಿದ್ಯಾರ್ಥಿಗಳನ್ನು ಮಾಸ್ಟರ್ಸ್ ಕೋರ್ಸ್‌ಗೆ ಹಲವು ವಿಭಾಗಗಳು ಸೇರಿಸಿಕೊಳ್ಳುತ್ತವೆ. ಆದರೆ ಪೂರ್ವಜ್ಞಾನ ಏನು ಬೇಕು ಎಂಬ ಸಾಲಿನಲ್ಲಿ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಎಂದಿದ್ದರೆ ಅದನ್ನು ನಂಬಿ. ಅಲ್ಲಿ ಸಾಧನೆ, ಪ್ರಮೇಯ ಎಲ್ಲ ಗೊತ್ತಿದೆ ಎಂದುಕೊಂಡೇ ಪಾಠ ಶುರು ಮಾಡುತ್ತಾರೆ.

ಪರೀಕ್ಷೆಯ ಸಾಲು ಎಲ್ಲಕ್ಕಿಂತ ಮುಖ್ಯ. ವಿಟಿಯು ಪದ್ಧತಿಯಲ್ಲಿ 50 ಅಂಕ ಇಂಟರ್ನಲ್ಸ್‌ನಿಂದ ಬರುತ್ತದೆ, ಹಾಜರಾತಿ 85 ಶೇಕಡಾ ಬೇಕು. ಅಲ್ಲಿ ಬಹುಪಾಲು ಲೆಕ್ಚರ್‌ಗಳಿಗೆ ಹಾಜರಾತಿಯೇ ಇಲ್ಲ, ಇಂಟರ್ನಲ್ಸೂ ಇಲ್ಲ. ಕೊನೆಯ 90 ನಿಮಿಷದ ಒಂದು ಪರೀಕ್ಷೆಯೇ ಇಡೀ ಗ್ರೇಡ್. ನಾಲ್ಕೂ ಕೋರ್ಸ್ ಇಂಥವೇ ಆದರೆ ಫೆಬ್ರವರಿಯಲ್ಲಿ ಉಸಿರು ಕಟ್ಟುತ್ತದೆ. ಎರಡು ಲಿಖಿತ ಪರೀಕ್ಷೆಯವು, ಒಂದು ಸೆಮಿನಾರ್, ಒಂದು ಲ್ಯಾಬ್ ಅಥವಾ ಪ್ರಾಜೆಕ್ಟ್ ಎಂದು ಹಂಚಿಕೊಳ್ಳಿ. ಸೆಮಿನಾರ್‌ನಲ್ಲಿ ಒಂದು ಪ್ರೆಸೆಂಟೇಶನ್, ಒಂದು ಬರಹ. ಇವುಗಳಲ್ಲಿ ಸೀಟು ಕಡಿಮೆ. ಕೆಲವು ವಿಭಾಗಗಳು ಹಿಂದಿನ ಸೆಮಿಸ್ಟರ್ ಮುಗಿಯುವ ಮೊದಲೇ ಹಂಚಿಬಿಡುತ್ತವೆ. ಹಾಗಾಗಿ ಇವತ್ತೇ ಅಲ್ಲಿನ ಕೋಆರ್ಡಿನೇಟರ್‌ಗೆ ಮೇಲ್ ಬರೆದು ಕೇಳಿ.

ಇನ್ನೊಂದು ಮಾತು. ಮಷಿನ್ ಲರ್ನಿಂಗ್‌ನ ಪರಿಚಯದ ಕೋರ್ಸ್ ಮೈಸೂರಿನಲ್ಲೂ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ. ಅದಕ್ಕಾಗಿ ಅಷ್ಟು ದೂರ ಯಾಕೆ ಹೋಗಬೇಕು? ನಾಲ್ಕರಲ್ಲಿ ಒಂದಾದರೂ ಆ ಊರಿನಲ್ಲೇ ಸಿಗುವಂಥದ್ದಾಗಿರಲಿ. ಫ್ರೈಬುರ್ಗ್‌ನಲ್ಲಿ ಸೌರಶಕ್ತಿಗೇ ಮೀಸಲಾದ ಫ್ರಾನ್‌ಹೋಫರ್ ಸಂಸ್ಥೆಯಿದೆ. ಸಾರ್‌ಬ್ರ್ಯೂಕನ್‌ನಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲೇ ಮ್ಯಾಕ್ಸ್ ಪ್ಲಾಂಕ್ ಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ, ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಕೇಂದ್ರ ಎರಡೂ ಇವೆ. ಡಾರ್ಮ್‌ಷ್ಟಾಟ್ ಸೈಬರ್ ಸುರಕ್ಷತೆಗೆ ಹೆಸರುವಾಸಿ. ನೀವು ಹೋಗುವ ಊರಿನ ಬಲ ಯಾವುದರಲ್ಲಿದೆ ಎಂದು ಹುಡುಕಿ, ಅಲ್ಲೊಂದು ಲ್ಯಾಬ್ ಕೋರ್ಸ್ ಹಿಡಿಯಿರಿ. ಗುಂಪಿನಲ್ಲಿ ಕೆಲಸ ಮಾಡುವಾಗ ಗೆಳೆತನವೂ ಆಗುತ್ತದೆ. ಮುನ್ನೂರು ಜನರ ಲೆಕ್ಚರ್ ಹಾಲ್‌ನಲ್ಲಿ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ.

ವಿಶ್ವವಿದ್ಯಾಲಯದ ಭಾಷಾ ಕೇಂದ್ರದ ಜರ್ಮನ್ ಕ್ಲಾಸಿಗೂ ಇಸಿಟಿಎಸ್ ಇರುತ್ತದೆ. ಇಲ್ಲಿ ಓಪನ್ ಎಲೆಕ್ಟಿವ್ ಆಗಿ ಒಪ್ಪುತ್ತಾರಾ ಕೇಳಿ. ಒಪ್ಪದಿದ್ದರೂ ಸೇರಿ.

ಪ್ರಶ್ನೆ: ಮಗಳು ಮುಂದಿನ ಅಕ್ಟೋಬರ್‌ನಲ್ಲಿ ಜರ್ಮನಿಗೆ ಎಕ್ಸ್‌ಚೇಂಜ್ ಹೋಗುತ್ತಾಳೆ. ಅಲ್ಲಿ ಪರೀಕ್ಷೆ ಮಾರ್ಚ್‌ವರೆಗೂ ನಡೆಯುತ್ತದಂತೆ. ಇಲ್ಲಿ ಎಂಟನೇ ಸೆಮಿಸ್ಟರ್ ಅಷ್ಟರಲ್ಲಿ ಶುರುವಾಗಿರುತ್ತದೆ. ಕ್ಯಾಂಪಸ್ ಪ್ಲೇಸ್‌ಮೆಂಟೂ ತಪ್ಪುತ್ತದೆ. ಒಂದು ವರ್ಷ ಹಾಳಾಗುತ್ತದಾ?
– ತಂದೆ, ಹುಬ್ಬಳ್ಳಿ

ಉತ್ತರ: ನೀವು ಗಮನಿಸಿರುವುದು ಸರಿಯಾಗಿದೆ, ತುಂಬಾ ಜನ ಇದನ್ನು ನೋಡುವುದೇ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರವರಿ ಮೊದಲೆರಡು ವಾರಕ್ಕೆ ಮುಗಿಯುತ್ತದೆ, ಪರೀಕ್ಷೆಗಳು ಅಲ್ಲಿಂದ ಮುಂದೆ. ವರ್ಷ ಹಾಳಾಗಬೇಕಿಲ್ಲ, ಆದರೆ ಕೋರ್ಸ್ ಆರಿಸುವಾಗಲೇ ದಿನಾಂಕ ನೋಡಬೇಕು. ಪಾಠ ಮುಗಿದ ವಾರದಲ್ಲೇ ಪರೀಕ್ಷೆ ಇಡುವ ಪ್ರಾಧ್ಯಾಪಕರಿದ್ದಾರೆ. ಚಿಕ್ಕ ಕೋರ್ಸ್‌ಗಳಲ್ಲಿ ಮೌಖಿಕ ಪರೀಕ್ಷೆ ಇರುತ್ತದೆ, ಅದರ ದಿನ ಮಾತಾಡಿ ಹೊಂದಿಸಿಕೊಳ್ಳಬಹುದು. ಮಾರ್ಚ್ ಕೊನೆಯ ಪರೀಕ್ಷೆಯ ಕೋರ್ಸನ್ನು ಮಗಳು ಬಿಡಲಿ. ಎಂಟನೇ ಸೆಮಿಸ್ಟರ್‌ನಲ್ಲಿ ಕ್ಲಾಸಿಗಿಂತ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಜಾಸ್ತಿ ಇದ್ದರೆ ತಡವಾಗಿ ಸೇರಲು ಕಾಲೇಜು ಒಪ್ಪಬಹುದು. ಹೊರಡುವ ಮೊದಲೇ ಬರೆಸಿಕೊಳ್ಳಿ.

ಪ್ಲೇಸ್‌ಮೆಂಟ್ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಕೆಲವು ಕಂಪನಿಗಳು ಆನ್‌ಲೈನ್ ಸಂದರ್ಶನ ಮಾಡುತ್ತವೆ, ಕೆಲವು ಎದುರಿಗೇ ಬರಬೇಕು ಅನ್ನುತ್ತವೆ. ಮಗಳಿಗೆ ಆ ನೌಕರಿಯೇ ಮುಖ್ಯವಾಗಿದ್ದರೆ ಏಳನೆಯದರ ಬದಲು ಐದನೇ ಸೆಮಿಸ್ಟರ್‌ನಲ್ಲಿ ಹೋಗುವುದು ವಾಸಿ. ಆ ಹೊತ್ತು ದಾಟಿದ್ದರೆ ಅವಳನ್ನೇ ಕೂರಿಸಿಕೊಂಡು ಕೇಳಿ. ತೀರ್ಮಾನ ಅವಳದ್ದಾಗಲಿ.

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂಎ ಓದುತ್ತಿದ್ದೇನೆ. ಟ್ಯೂಬಿಂಗನ್‌ಗೆ ಒಂದು ಸೆಮಿಸ್ಟರ್ ಹೋಗುವ ಅವಕಾಶ ಬಂದಿದೆ. ನನ್ನ ಜರ್ಮನ್ ಎ2 ಮಟ್ಟದ್ದು, ಅಂದರೆ ಇನ್ನೂ ಆರಂಭದ ಹಂತ. ಇಂಗ್ಲಿಷ್‌ನಲ್ಲಿ ಸಿಗುವ ಕೋರ್ಸ್‌ಗಳು ಕಡಿಮೆ, ಅವೂ ಯುರೋಪಿನ ಇತಿಹಾಸದವು. ಏನು ಮಾಡಲಿ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಮಂಗಳೂರಿನವರು ಟ್ಯೂಬಿಂಗನ್‌ಗೆ! ಓದಿ ಬಹಳ ಖುಷಿಯಾಯಿತು. 1843ರಲ್ಲಿ ನಿಮ್ಮೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್‌ಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ನಿಘಂಟಿನ ಕಿಟ್ಟೆಲ್‌ಗೂ 1896ರಲ್ಲಿ ಅಲ್ಲೇ ಗೌರವ ಸಂದಿತು. ಮಲಯಾಳಂ ನಿಘಂಟು ಬರೆದ, ಬಾಸೆಲ್ ಮಿಷನ್‌ನ ಹರ್ಮನ್ ಗುಂಡರ್ಟ್ ಅವರ ಕಾಗದಪತ್ರಗಳು ಅಲ್ಲಿನ ಗ್ರಂಥಾಲಯದಲ್ಲಿವೆ. ಅವರ ಸಂಗ್ರಹವನ್ನು ಡಿಜಿಟಲ್ ಮಾಡಿ ಆನ್‌ಲೈನ್‌ನಲ್ಲೂ ಇಟ್ಟಿದ್ದಾರೆ, ಕನ್ನಡ ಪುಸ್ತಕಗಳೂ ಅದರಲ್ಲಿವೆ.

ಹಾಗಾಗಿ ಕೋರ್ಸಿನ ಹೆಸರಿನಲ್ಲಿ ಭಾರತ ಇರಬೇಕು ಅಂತ ಹುಡುಕಬೇಡಿ. ಸೆಮಿನಾರ್ ಹುಡುಕಿ. ಸೆಮಿನಾರ್‌ನ ಕೊನೆಯಲ್ಲಿ ಹೌಸ್‌ಆರ್‌ಬೈಟ್ ಎಂಬ ಸಂಶೋಧನಾ ಬರಹ ಕೊಡಬೇಕು. ಸಾಮಾನ್ಯವಾಗಿ ಅದರ ವಿಷಯವನ್ನು ಪ್ರಾಧ್ಯಾಪಕರೊಡನೆ ಮಾತಾಡಿ ವಿದ್ಯಾರ್ಥಿಯೇ ಆರಿಸಿಕೊಳ್ಳುತ್ತಾರೆ. ಮಿಷನ್‌ಗಳು, ಮುದ್ರಣ, ವಸಾಹತುಶಾಹಿ, ಇವುಗಳಲ್ಲಿ ಯಾವುದಾದರೂ ಒಂದರ ಮೇಲೆ ಇಂಗ್ಲಿಷ್ ಸೆಮಿನಾರ್ ಸಿಕ್ಕರೆ ಸಾಕು. ಬಾಸೆಲ್ ಮಿಷನ್ ಪ್ರೆಸ್ ಬಗ್ಗೆ ಬರೆಯುತ್ತೇನೆ ಅನ್ನಿ. ಕನ್ನಡ ಮೂಲಗಳನ್ನು ನೇರವಾಗಿ ಓದಬಲ್ಲ ವಿದ್ಯಾರ್ಥಿ ಆ ಕ್ಲಾಸಿನಲ್ಲಿ ನೀವೊಬ್ಬರೇ ಇರಬಹುದು. ಎರಡು ಸೆಮಿನಾರ್, ಒಂದು ಜರ್ಮನ್ ಭಾಷಾ ಕೋರ್ಸ್, ಅಷ್ಟೇ ತಗೊಳ್ಳಿ. ಹೌಸ್‌ಆರ್‌ಬೈಟ್ ಸಲ್ಲಿಸುವ ಗಡುವು ಹೆಚ್ಚಾಗಿ ಪಾಠ ಮುಗಿದ ಮೇಲೆ, ಮಾರ್ಚ್ ಸುಮಾರಿಗೆ ಬರುತ್ತದೆ. ಗ್ರಂಥಾಲಯದ ಕೆಲಸವನ್ನು ಮಾತ್ರ ಅಲ್ಲಿರುವಾಗಲೇ ಮುಗಿಸಿ.

ಪ್ರಶ್ನೆ: ಅಲ್ಲಿಗೆ ಹೋದ ಮೇಲೆ ಕೋರ್ಸ್ ಬದಲಾಯಿಸಬಹುದಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬದಲಾಯಿಸಬಹುದು, ಮೊದಲ ಎರಡು ಮೂರು ವಾರ ಎಲ್ಲರೂ ಬದಲಾಯಿಸುತ್ತಲೇ ಇರುತ್ತಾರೆ. ಆರು ಕ್ಲಾಸಿಗೆ ಹೋಗಿ ಕೂತು ನೋಡಿ, ನಾಲ್ಕು ಉಳಿಸಿಕೊಳ್ಳಿ. ಆದರೆ ಒಂದು ವಿಷಯ ನಮ್ಮವರಿಗೆ ಹೊಸದು: ಕೋರ್ಸ್‌ಗೆ ಹೆಸರು ಕೊಡುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಇಡೀ ಸೆಮಿಸ್ಟರ್ ಪಾಠ ಕೇಳಿಯೂ ಪರೀಕ್ಷೆಗೆ ನೋಂದಾಯಿಸದಿದ್ದರೆ ಒಳಗೆ ಬಿಡುವುದಿಲ್ಲ. ಹೆಸರು ಕೊಟ್ಟು, ಗಡುವಿನೊಳಗೆ ವಾಪಸ್ ತಗೊಳ್ಳದೆ, ಪರೀಕ್ಷೆಗೂ ಹೋಗದಿದ್ದರೆ ಹಲವು ಕಡೆ 5.0 ಬರುತ್ತದೆ. ಅಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಪಟ್ಟಿ ಬದಲಾದ ಕೂಡಲೇ ಲರ್ನಿಂಗ್ ಅಗ್ರಿಮೆಂಟ್‌ನ ಬದಲಾವಣೆ ಪುಟ ತುಂಬಿ ಇಲ್ಲಿನ ವಿಭಾಗಕ್ಕೆ ಕಳಿಸಿ. ಅವರ ಸಹಿ ಬಂದ ಮೇಲೆಯೇ, ಗಡುವು ಮುಗಿಯುವುದರೊಳಗೆ, ಹೊಸ ಕೋರ್ಸ್‌ನ ಪರೀಕ್ಷೆಗೆ ಹೆಸರು ಕೊಡಿ.