ಪವಿತ್ರ ಪೀಠವೆಂದರೆ ವ್ಯಾಟಿಕನ್ ನಗರವೇ?

ಪ್ರಶ್ನೆ: ಸುದ್ದಿಗಳಲ್ಲಿ ಒಮ್ಮೆ ‘ವ್ಯಾಟಿಕನ್’ ಎಂದೂ ಇನ್ನೊಮ್ಮೆ ‘ಪವಿತ್ರ ಪೀಠ’ ಎಂದೂ ಬರೆಯುತ್ತಾರೆ. ಎರಡೂ ಒಂದೇ ಅಲ್ಲವೇ? ಪೋಪ್ ಅವರು ತೀರಿಕೊಂಡಾಗ ಕಥೋಲಿಕ ಧರ್ಮಸಭೆಯ ಆಡಳಿತವನ್ನು ಯಾರು ನೋಡಿಕೊಳ್ಳುತ್ತಾರೆ?
— ಓದುಗರೊಬ್ಬರು, ಉಡುಪಿ

ಉತ್ತರ: ಒಂದೇ ಅಲ್ಲ. ‘ಪೀಠ’ ಎಂಬ ನಮ್ಮ ಮಾತಿನಲ್ಲಿಯೇ ಅರ್ಧ ಉತ್ತರವಿದೆ. ಕುಳಿತುಕೊಳ್ಳುವ ಆಸನಕ್ಕೂ ಅಲ್ಲಿ ಕುಳಿತವರ ಅಧಿಕಾರಕ್ಕೂ ನಾವು ಈ ಒಂದೇ ಪದವನ್ನು ಬಳಸುತ್ತೇವೆ. ಲ್ಯಾಟಿನ್ನಿನ ‘ಸೇದೆಸ್’ ಕೂಡ ಹಾಗೆಯೇ. ಪವಿತ್ರ ಪೀಠವೆಂದರೆ ರೋಮಿನ ಬಿಷಪರಾದ ಪೋಪ್ ಅವರ ಅಧಿಕಾರಸ್ಥಾನ. ವ್ಯಾಟಿಕನ್ ನಗರವೆಂದರೆ ಆ ಪೀಠವು ಯಾವ ಸರ್ಕಾರದ ಹಂಗಿಗೂ ಒಳಗಾಗದೆ ನಡೆಯಲೆಂದು ಇಟಲಿಯೊಂದಿಗಿನ 1929ರ ಲ್ಯಾಟರನ್ ಒಪ್ಪಂದದ ಮೂಲಕ ಸ್ಥಾಪನೆಯಾದ, ಸುಮಾರು 44 ಹೆಕ್ಟೇರ್ ವಿಸ್ತಾರದ ರಾಜ್ಯ. 1870ರಲ್ಲಿ ಇಟಲಿಯ ಸೇನೆ ರೋಮ್ ನಗರವನ್ನು ವಶಪಡಿಸಿಕೊಂಡ ಮೇಲೆ, ಆ ಒಪ್ಪಂದವಾಗುವವರೆಗೆ, ಪೋಪ್ ಅವರಿಗೆ ಆಳಲು ಒಪ್ಪಿತವಾದ ನೆಲವೇ ಇರಲಿಲ್ಲ. ಆದರೂ ಪೀಠವು ರಾಯಭಾರಿಗಳನ್ನು ಕಳುಹಿಸುತ್ತಲೂ ಬರಮಾಡಿಕೊಳ್ಳುತ್ತಲೂ ಇತ್ತು. ಪೀಠವೂ ನಗರವೂ ಬೇರೆ ಬೇರೆ ಎನ್ನಲು, ನನ್ನ ಮಟ್ಟಿಗೆ, ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೊಂದಿಲ್ಲ. ಇಂದಿಗೂ ವಿಶ್ವಸಂಸ್ಥೆಯಲ್ಲಿ ವೀಕ್ಷಕ ಸ್ಥಾನವಿರುವುದು ಪವಿತ್ರ ಪೀಠಕ್ಕೆ; 1948ರಿಂದ ಭಾರತ ರಾಜತಾಂತ್ರಿಕ ಸಂಬಂಧವಿಟ್ಟುಕೊಂಡಿರುವುದೂ ಅದರೊಂದಿಗೇ. ಅಷ್ಟೇಕೆ, ಪೋಪ್ ಅವರ ಸ್ವಂತ ಕ್ಯಾಥೆಡ್ರಲ್, ಎಂದರೆ ರೋಮಿನ ಬಿಷಪರ ಆಸನವಿರುವ ದೇವಾಲಯ, ಸಂತ ಪೇತ್ರರ ಬಸಿಲಿಕಾ ಅಲ್ಲ. ಅದು ವ್ಯಾಟಿಕನ್ ಗೋಡೆಯ ಹೊರಗೆ, ರೋಮ್ ನಗರದಲ್ಲಿರುವ ಲ್ಯಾಟರನ್ ಬಸಿಲಿಕಾ.

ದಿನನಿತ್ಯದ ಆಡಳಿತ ಪವಿತ್ರ ಪೀಠದ ಸಚಿವಾಲಯದಂತಿರುವ ರೋಮನ್ ಕ್ಯೂರಿಯಾದ ಇಲಾಖೆಗಳದು. ಬೆಂಗಳೂರು, ಮಂಗಳೂರಿನಂತಹ ಧರ್ಮಪ್ರಾಂತ್ಯಗಳಿಗೆ ಬಿಷಪರನ್ನು ನೇಮಿಸುವ ವಿಚಾರ ಸುವಾರ್ತಾ ಪ್ರಸಾರದ ಇಲಾಖೆಯ ಮೂಲಕ ಪೋಪ್ ಅವರನ್ನು ತಲಪುತ್ತದೆ.

ಪೋಪ್ ಅವರು ತೀರಿಕೊಂಡ ಕೂಡಲೇ ಈ ಇಲಾಖೆಗಳ ಮುಖ್ಯಸ್ಥರಲ್ಲಿ ಬಹುತೇಕ ಎಲ್ಲರ ಅಧಿಕಾರವೂ ಮುಗಿಯುತ್ತದೆ. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ಅವರು ನಿಧನರಾದ ದಿನವೇ, ಪೀಠ ತೆರವಾದಾಗ ಉಸ್ತುವಾರಿ ವಹಿಸುವ ‘ಕಮೆರ್ಲೆಂಗೊ’ ಕಾರ್ಡಿನಲ್ (ಪೋಪ್ ನಂತರದ ಸ್ಥಾನದ ಹಿರಿಯ ಧರ್ಮಾಧಿಕಾರಿ) ಕೆವಿನ್ ಫಾರೆಲ್ ಅವರು ಪೋಪ್ ನಿವಾಸದ ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿಸಿ ಅರಗಿನ ಮುದ್ರೆ ಹಾಕಿಸಿದರು. ಆ ಬಳಿಕ ಕಾರ್ಡಿನಲ್‌ಗಳ ಮಂಡಳಿ ದಿನನಿತ್ಯದ ಹಾಗೂ ಮುಂದೂಡಲಾಗದ ಕೆಲಸಗಳನ್ನಷ್ಟೇ ನಡೆಸುತ್ತದೆ. ಪೋಪ್ ಒಬ್ಬರೇ ತೀರ್ಮಾನಿಸಬೇಕಾದ ಯಾವ ವಿಷಯಕ್ಕೂ ಅದು ಕೈ ಹಾಕುವಂತಿಲ್ಲ. ಎಂಬತ್ತು ವರ್ಷ ತುಂಬದ ಕಾರ್ಡಿನಲ್‌ಗಳು ಮೂರನೇ ಎರಡರಷ್ಟು ಮತಗಳಿಂದ ಹೊಸಬರನ್ನು ಆರಿಸುವವರೆಗೂ, ಕಳೆದ ಸಲ ಮೇ 8ರಂದು ಹದಿನಾಲ್ಕನೆಯ ಲಿಯೋ ಅವರು ಆಯ್ಕೆಯಾಗುವವರೆಗೂ, ಇದೇ ವ್ಯವಸ್ಥೆ. ಆ ದಿನಗಳ ವ್ಯಾಟಿಕನ್ ಅಂಚೆಚೀಟಿಯನ್ನು ನೋಡಿ: ಅಡ್ಡಡ್ಡ ಇಟ್ಟ ಎರಡು ಬೀಗದ ಕೈಗಳ ಮೇಲೆ ಪೋಪ್ ಅವರ ಕಿರೀಟವಿರುವುದಿಲ್ಲ; ಪೀಠ ತೆರವಾಗಿದೆ ಎಂಬುದರ ಗುರುತಾಗಿ ಒಂದು ಕೊಡೆಯಿರುತ್ತದೆ.