ಸ್ಕ್ರೀನ್ ರೀಡರ್ ಬೇರೆಲ್ಲ ಓದುತ್ತದೆ, ಈ ಒಂದು ಸಾಫ್ಟ್‌ವೇರ್ ಮಾತ್ರ ಯಾಕೆ ಓದಲ್ಲ?

ಬ್ರೌಸರ್, ನೋಟ್‌ಪ್ಯಾಡ್ ಎಲ್ಲವನ್ನೂ ಎನ್‌ವಿಡಿಎ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್) ಓದುತ್ತದೆ, ಕೆಲಸಕ್ಕೆ ಬೇಕಾದ ಜಾವಾ ಸಾಫ್ಟ್‌ವೇರ್ ತೆರೆದರೆ ಮಾತ್ರ ವಿಂಡೋ ಹೆಸರು ಹೇಳಿ ಸುಮ್ಮನಾಗುತ್ತದೆ ಅಂತ ಕೇಳಿದ್ದೀರಿ. ಸುಮ್ನೆ ಎನ್‌ವಿಡಿಎ ತೆಗೆದು ಮತ್ತೆ ಹಾಕಬೇಡಿ. ತೊಂದರೆ ಅಲ್ಲಿರುವ ಸಾಧ್ಯತೆ ಕಡಿಮೆ.

ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಪರದೆಯ ಚಿತ್ರ ನೋಡಿ ಓದುವುದಿಲ್ಲ. ಇದು ಬಟನ್, ಇದರ ಹೆಸರು 'ಸೇವ್', ಫೋಕಸ್ ಈಗ ಇಲ್ಲಿದೆ ಎಂದು ಸಾಫ್ಟ್‌ವೇರೇ ಅದಕ್ಕೆ ತಿಳಿಸಬೇಕು. ವಿಂಡೋಸ್‌ನ ಮಾಮೂಲಿ ಬಟನ್, ಮೆನುಗಳು ಇದನ್ನು ತಾವಾಗಿಯೇ ಹೇಳುತ್ತವೆ. ಜಾವಾದಲ್ಲಿ ವಿಂಡೋ, ಬಟನ್ ಕಟ್ಟಲು ಬಳಸುವ ಸ್ವಿಂಗ್‌ನಲ್ಲಿ ಬರೆದ ಸಾಫ್ಟ್‌ವೇರ್ ತನ್ನ ಬಟನ್‌ಗಳನ್ನು ಪರದೆಯ ಮೇಲೆ ತಾನೇ ಚಿತ್ರಿಸಿಕೊಳ್ಳುತ್ತದೆ. ಆ ಮಾಹಿತಿ ಹೊರಗೆ ಬರಲು ಜಾವಾ ಆಕ್ಸೆಸ್ ಬ್ರಿಡ್ಜ್ ಆನ್ ಆಗಿರಬೇಕು. ಜಾವಾ 7ರ 6ನೇ ಅಪ್‌ಡೇಟ್‌ನಿಂದ ಅದು ಜಾವಾ ಜೊತೆಗೇ ಬರುತ್ತಿದೆ.

ಜಾವಾದ ಬಿನ್ ಫೋಲ್ಡರ್‌ನಲ್ಲಿ 'ಜೆಎಬಿಸ್ವಿಚ್' (jabswitch) ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ. ಆ ಫೋಲ್ಡರ್‌ನಲ್ಲಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರು, ಒಂದು ಸ್ಪೇಸ್, ಹೈಫನ್, ಅದಕ್ಕೆ ಅಂಟಿಸಿ 'ಎನೇಬಲ್' (enable) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಆ ಸಾಫ್ಟ್‌ವೇರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಜಾವಾ ಶುರುವಾಗುವಾಗ ಮಾತ್ರ ಈ ಸೆಟ್ಟಿಂಗ್ ನೋಡುತ್ತದೆ.

ಜಾಸ್ತಿ ಜನ ಎಡವುವುದು ಮುಂದಿನದರಲ್ಲಿ. ಈ ಸೆಟ್ಟಿಂಗ್ ಆಯಾ ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಕೂರುತ್ತದೆ. ಐಟಿಯವರು ತಮ್ಮ ಅಡ್ಮಿನ್ ಲಾಗಿನ್‌ನಲ್ಲಿ ಆನ್ ಮಾಡಿ 'ಆಯ್ತು ನೋಡಿ' ಅಂದರೆ ನಿಮಗೇನೂ ಆಗಿರುವುದಿಲ್ಲ. ನಿಮ್ಮ ಲಾಗಿನ್‌ನಲ್ಲೇ ಮಾಡಿಸಿ.

ಕೋಡ್ ಬರೆಯಲು ಬಳಸುವ ಇಂಟೆಲಿಜೆಯಂಥ ಜಾವಾ ಸಾಫ್ಟ್‌ವೇರ್‌ಗಳಲ್ಲಿ ಇದರ ಜೊತೆಗೆ ಒಳಗಿನ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಭಾಗದಲ್ಲಿ 'ಸಪೋರ್ಟ್ ಸ್ಕ್ರೀನ್ ರೀಡರ್ಸ್' ಅನ್ನೋದಕ್ಕೂ ಟಿಕ್ ಹಾಕಬೇಕು. ಕೋಡ್ ಬರೆಯುವ ಇನ್ನೊಂದು ಸಾಫ್ಟ್‌ವೇರ್ ವಿಎಸ್ ಕೋಡ್ ಜಾವಾದಲ್ಲಿ ಬರೆದದ್ದಲ್ಲ. ಅದು ಸಾಮಾನ್ಯವಾಗಿ ಸ್ಕ್ರೀನ್ ರೀಡರ್ ಇರೋದನ್ನು ತಾನೇ ಪತ್ತೆ ಮಾಡುತ್ತದೆ.

ಇಷ್ಟಾದರೂ ಮೌನವೇ ಇದ್ದರೆ, ಆ ಸಾಫ್ಟ್‌ವೇರ್ ತನ್ನದೇ ಜಾವಾ ತಂದಿರಬಹುದು. ಗಾತ್ರ ಉಳಿಸಲು ಅದರಿಂದ ಆಕ್ಸೆಸಿಬಿಲಿಟಿ ಮಾಡ್ಯೂಲ್ ಕಿತ್ತುಹಾಕಿದ್ದರೆ ನೀವೇನು ಮಾಡಿದರೂ ಅದು ಮಾತಾಡಲ್ಲ. ಬರೀ 'ಬಟನ್, ಬಟನ್' ಅಂತ ಕೇಳಿಸಿದರೆ ಬ್ರಿಡ್ಜ್ ಸರಿಯಾಗಿದೆ, ಬಟನ್‌ಗಳಿಗೆ ಹೆಸರು ಕೊಟ್ಟಿಲ್ಲ ಅಷ್ಟೇ. ಒಂದು ಬಟನ್‌ಗೆ ಹೆಸರು ಕೊಡಲು ಒಂದೇ ಸಾಲಿನ ಕೋಡ್ ಸಾಕು. ಅದಕ್ಕೂ ಸೋಮಾರಿತನ! ತಯಾರಕರಿಗೆ ಬರೆಯುವಾಗ 'ಓದಲ್ಲ' ಅಂತಷ್ಟೇ ಹೇಳದೆ, ಪೂರ್ತಿ ಮೌನವೋ, ಹೆಸರಿಲ್ಲದ ಬಟನ್‌ಗಳೋ, ಈ ಎರಡರಲ್ಲಿ ಯಾವುದು ಅಂತ ತಿಳಿಸಿ.